ಮಾಲೆಯಾಗುವ ಗುಣಲಬ್ಧ, ನಿಂತುಬಿಡುವ ವ್ಯವಕಲನ

ಕನ್ನಡದಲ್ಲಿ ಲೆಕ್ಕವನ್ನು ಮಾಡುತ್ತಾರೆ, ಒಗಟನ್ನು ಬಿಡಿಸುತ್ತಾರೆ. ಈ ಎರಡು ಕ್ರಿಯಾಪದಗಳ ನಡುವಿನ ಅಂತರದಲ್ಲಿ ಶಾಲಾ ಗಣಿತದ ಒಂದು ಮುಖ್ಯ ಸಂಗತಿ ಅಡಗಿದೆ. ಮಾಡುವ ಕೆಲಸಕ್ಕೆ ದಾರಿ ಮೊದಲೇ ಗೊತ್ತಿರುತ್ತದೆ, ಬಿಡಿಸಬೇಕಾದದ್ದರಲ್ಲಿ ಗಂಟು ಎಲ್ಲಿದೆ ಎಂಬುದನ್ನೇ ಮೊದಲು ಹುಡುಕಬೇಕಾಗುತ್ತದೆ. ಪಠ್ಯಪುಸ್ತಕದ ಪ್ರತಿ ಪಾಠದ ಕೊನೆಗೆ ಬರುವ ಅಭ್ಯಾಸಗಳಲ್ಲಿ ಹೆಚ್ಚಿನವು ಮೊದಲ ಜಾತಿಗೆ ಸೇರಿದವು: ಪಾಠದಲ್ಲಿ ತೋರಿಸಿದ ವಿಧಾನವನ್ನು ಬೇರೆ ಅಂಕಿಗಳ ಮೇಲೆ ನಡೆಸಿದರೆ ಉತ್ತರ ಬರುತ್ತದೆ, ಬಂದ ಉತ್ತರವನ್ನು ಪುಸ್ತಕದ ಹಿಂಬದಿಯಲ್ಲಿ ತಾಳೆ ನೋಡಿದರೆ ಕೆಲಸ ಮುಗಿಯುತ್ತದೆ. ಇಂಥ ಅಭ್ಯಾಸ ಬೇಕೇ ಬೇಕು, ಮಗ್ಗಿ ಬಾರದವನಿಗೆ ಮುಂದಿನ ಯಾವ ಬಾಗಿಲೂ ತೆರೆಯದು. ಆದರೆ ಗಣಿತವೆಂದರೆ ಇಷ್ಟೇ ಎಂದು ನಂಬಿ ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿ, ಸ್ವರಸ್ಥಾನಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿಯೂ ಒಂದು ಕೃತಿಯನ್ನೂ ಕೇಳದೆ ಸಂಗೀತದ ತರಗತಿಯಿಂದ ಎದ್ದುಹೋದವನಂತೆ.

ಎರಡನೆಯ ಜಾತಿಯ ಕೆಲಸವನ್ನು ಶಿಕ್ಷಣದ ಪರಿಭಾಷೆಯಲ್ಲಿ ಸಮಸ್ಯಾ ಪರಿಹಾರ ಎನ್ನುತ್ತಾರೆ, ಅದಕ್ಕೆ ಅವಕಾಶ ಕೊಡುವ ಚಟುವಟಿಕೆಗಳನ್ನು ಗಣಿತ ಸಂವರ್ಧನೆ ಎಂದು ಕರೆಯುವುದುಂಟು. ಸಂವರ್ಧನೆ ಎಂಬ ಮಾತನ್ನು ಮುಂದಿನ ತರಗತಿಯ ಪಾಠಗಳನ್ನು ಮೊದಲೇ ಓದಿಸಿಬಿಡುವುದು ಎಂದೋ, ಗುಣಾಕಾರವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುವ ಉಪಾಯಗಳನ್ನು ಕಲಿಸುವುದು ಎಂದೋ ಅರ್ಥಮಾಡಿಕೊಳ್ಳುವುದು ಈಚೆಗೆ ಸಾಮಾನ್ಯವಾಗಿದೆ. ಬೇಸಿಗೆ ಶಿಬಿರಗಳ ಭಿತ್ತಿಪತ್ರಗಳು ಹೆಚ್ಚಾಗಿ ಮಾರುವುದು ಈ ವೇಗವನ್ನೇ. ವೇಗ ತಪ್ಪಲ್ಲ, ಆದರೆ ಅದು ಬೇರೆ ಸರಕು. ಸಂವರ್ಧನೆ ಬೇಡುವುದು ವೇಗಕ್ಕೆ ತದ್ವಿರುದ್ಧವಾದ ಒಂದು ಗುಣವನ್ನು, ಅಂದರೆ ಒಂದು ಚಿಕ್ಕ ಸಂಖ್ಯೆಯ ಪಕ್ಕದಲ್ಲಿ ಉತ್ತರ ಬಂದ ಮೇಲೂ ಎದ್ದುಹೋಗದೆ ಕುಳಿತುಕೊಳ್ಳುವ ಬಿಡುವನ್ನು. ಅದಕ್ಕೆ ಬೇಕಾದ ಸಾಮಗ್ರಿ ದುಬಾರಿಯಲ್ಲ ಎಂಬುದಕ್ಕೆ ಎರಡು ನಿದರ್ಶನಗಳನ್ನು ಈ ಅಧ್ಯಾಯ ವಿವರವಾಗಿ ನೋಡುತ್ತದೆ. ಒಂದು ಒಂಬತ್ತನೆಯ ಶತಮಾನದ ಕರ್ನಾಟಕದ್ದು, ಇನ್ನೊಂದು ಇಪ್ಪತ್ತನೆಯ ಶತಮಾನದ ಮಹಾರಾಷ್ಟ್ರದ ಒಬ್ಬ ಶಾಲಾ ಮೇಷ್ಟರದ್ದು, ಎರಡಕ್ಕೂ ಬೇಕಾಗುವುದು ಗುಣಾಕಾರ ಮತ್ತು ವ್ಯವಕಲನ ಮಾತ್ರ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ; ಗ್ರಂಥದ ಆರಂಭದಲ್ಲಿಯೇ ಆತ ದೊರೆಯನ್ನು ಸ್ತುತಿಸಿದ್ದಾನೆ. ಖಗೋಳದ ಗೊಡವೆಗೆ ಹೋಗದೆ ಗಣಿತವೊಂದನ್ನೇ ವಿಷಯವಾಗಿಸಿಕೊಂಡ ಈ ಕೃತಿಯ ಗುಣಾಕಾರದ ಭಾಗದಲ್ಲಿ ಒಂದು ವಿಚಿತ್ರ ಕಾಣುತ್ತದೆ. ಅಭ್ಯಾಸಕ್ಕೆಂದು ಕೊಟ್ಟ ಅಂಕಿಗಳು ಮೇಲುನೋಟಕ್ಕೆ ಯಾರೋ ಕಣ್ಣುಮುಚ್ಚಿ ಆರಿಸಿದಂತೆ ತೋರುತ್ತವೆ: 139ನ್ನು 109ರಿಂದ, 152207ನ್ನು 73ರಿಂದ, 27994681ನ್ನು 441ರಿಂದ ಗುಣಿಸಬೇಕು. ಶಿಷ್ಯ ಬೇಸರದಿಂದಲೇ ಗುಣಿಸತೊಡಗುತ್ತಾನೆ ಎಂದು ಊಹಿಸಿದರೂ, ಕೊನೆಯ ಸಾಲು ಮೂಡುವಾಗ ಬೇಸರ ಉಳಿಯುವುದು ಕಷ್ಟ. ಮೊದಲನೆಯದರ ಗುಣಲಬ್ಧ 15151, ಎರಡನೆಯದರದು 11111111, ಮೂರನೆಯದರದು 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುವ ಈ ಕೊನೆಯ ಸಂಖ್ಯೆಯಂಥವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದರಿಂದ, ಮಹಾವೀರ ಇವನ್ನು ಕೊರಳಿನ ಹಾರಕ್ಕೆ ಹೋಲಿಸುತ್ತಾನೆ.

ಈ ಹಾರಗಳು ಆಕಸ್ಮಿಕವಾಗಿ ಸಿಕ್ಕಿದವಲ್ಲ. ಗುಣಾಕಾರದ ಅಭ್ಯಾಸವಷ್ಟೇ ಗುರಿಯಾಗಿದ್ದರೆ ಯಾವ ಎರಡು ಸಂಖ್ಯೆಗಳಾದರೂ ಸಾಲುತ್ತಿದ್ದವು. ಮಹಾವೀರ ಮೊದಲು ಹಾರವನ್ನು ಮನಸ್ಸಿನಲ್ಲಿಟ್ಟುಕೊಂಡು, ಅದು ಯಾವ ಎರಡು ಸಂಖ್ಯೆಗಳಾಗಿ ಒಡೆಯುತ್ತದೆ ಎಂದು ಹಿಂದಿನಿಂದ ಮುಂದಕ್ಕೆ ಕೆಲಸ ಮಾಡಿರಬೇಕು. ಇಂದಿನ ಎಂಟನೆಯ ತರಗತಿಯ ವಿದ್ಯಾರ್ಥಿಗೆ ಒಪ್ಪಿಸಬೇಕಾದ ಚಟುವಟಿಕೆ ಇದೇ: ಗುಣಿಸುವುದನ್ನು ಬೇಕಾದರೆ ಕ್ಯಾಲ್ಕುಲೇಟರ್ ಮಾಡಲಿ, ಆದರೆ 441 ಎಂಬ ಅಂಕಿಯೇ ಏಕೆ ಬಂತು ಎಂಬುದನ್ನು ವಿದ್ಯಾರ್ಥಿ ಹೇಳಬೇಕು. 441 ಎಂದರೆ 21ರ ವರ್ಗ, ಅಂದರೆ 21ನ್ನು 21ರಿಂದಲೇ ಗುಣಿಸಿದ ಫಲ, ಎಂಬುದು ಹೊಳೆದವರು ಸಹಜವಾಗಿ 27994681 ಕೂಡ ಯಾವುದಾದರೂ ಸಂಖ್ಯೆಯ ವರ್ಗವೇ ಎಂದು ಕೇಳುತ್ತಾರೆ. ಅದು 5291ರ ವರ್ಗ. ಇನ್ನು 21 ಮತ್ತು 5291ರ ಗುಣಲಬ್ಧವನ್ನು ಕಂಡುಕೊಂಡಾಗ ತೆರೆ ಪೂರ್ತಿ ಸರಿಯುತ್ತದೆ, ಅದು 111111. ಹಾಗಾದರೆ 12345654321 ಎಂಬ ಹಾರ ಆರು ಒಂದುಗಳ ಸಂಖ್ಯೆಯ ವರ್ಗವಲ್ಲದೆ ಬೇರೇನೂ ಅಲ್ಲ. ಮಹಾವೀರ ಆ ವರ್ಗವನ್ನು ಎರಡು ತುಂಡುಗಳಲ್ಲಿ ಬಚ್ಚಿಟ್ಟಿದ್ದಾನೆ.

ಇದೇ ಜಾಡಿನಲ್ಲಿ 152207ರ ಗುಟ್ಟೂ ಬಿಡುತ್ತದೆ. ಎಂಟು ಒಂದುಗಳಿರುವ 11111111ನ್ನು ಅವಿಭಾಜ್ಯ ಅಪವರ್ತನಗಳಾಗಿ, ಎಂದರೆ ಇನ್ನು ಮುಂದೆ ಒಡೆಯಲಾಗದ ಸಂಖ್ಯೆಗಳ ಗುಣಲಬ್ಧವಾಗಿ, ಬರೆದರೆ 11, 73, 101 ಮತ್ತು 137 ಸಿಗುತ್ತವೆ. ಮಹಾವೀರ 73ನ್ನು ಬದಿಗಿಟ್ಟು ಉಳಿದ ಮೂರನ್ನು ಗುಣಿಸಿ 152207 ಎಂದು ಶಿಷ್ಯನ ಮುಂದಿಟ್ಟ. ಹಾಗಿದ್ದ ಮೇಲೆ 137ನ್ನು ಬದಿಗಿಟ್ಟು ಇನ್ನೊಂದು ಹಾರವನ್ನು ಕಟ್ಟಬಹುದು, 11ನ್ನು ಬದಿಗಿಟ್ಟು ಮತ್ತೊಂದನ್ನು ಕಟ್ಟಬಹುದು. ಈ ಹಂತಕ್ಕೆ ಬಂದ ವಿದ್ಯಾರ್ಥಿ ಪುಸ್ತಕ ಕೊಟ್ಟ ಲೆಕ್ಕವನ್ನು ಮಾಡುವವನಾಗಿ ಉಳಿದಿಲ್ಲ, ಪಕ್ಕದವನಿಗೆ ಲೆಕ್ಕ ಕೊಡುವವನಾಗಿದ್ದಾನೆ. ಅಪವರ್ತನ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಾರಣವನ್ನು ಪಠ್ಯಪುಸ್ತಕಗಳು ಕೊಟ್ಟಿರುವುದು ಅಪರೂಪ. ಮಹಾವೀರನ ನಂತರ, ಹನ್ನೆರಡನೆಯ ಶತಮಾನದಲ್ಲಿ, ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ ಎಂಬುದನ್ನೂ ಇಲ್ಲಿ ನೆನೆಯಬೇಕು, ಆದರೆ ಅದರ ಒಲವು ಹೆಸರೇ ಹೇಳುವಂತೆ ವ್ಯವಹಾರದ ಕಡೆಗೆ.

ಹಾರದ ರೂಪದ ಈ ಸಂಖ್ಯೆಗಳ ಬೆನ್ನುಹತ್ತಿದ ಇನ್ನೊಬ್ಬ ವ್ಯಕ್ತಿ ಸಾವಿರದ ನೂರು ವರ್ಷಗಳ ತರುವಾಯ ಬಂದರು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ 1905ರಲ್ಲಿ ಮುಂಬೈಗೆ ಉತ್ತರದ ಡಹಾಣುವಿನಲ್ಲಿ ಹುಟ್ಟಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ, 1927ರಲ್ಲಿ, ಸ್ವಂತ ಗಣಿತ ರಚನೆಗೆ ಕೊಡುವ ರ‍್ಯಾಂಗ್ಲರ್ ಪರಾಂಜಪೆ ಬಹುಮಾನವನ್ನು ಪಡೆದರು, 1929ರಲ್ಲಿ ಬಿ.ಎಸ್‌ಸಿ. ಮುಗಿಸಿದರು. ಅದರಾಚೆಗೆ ಅವರು ಓದಲಿಲ್ಲ. 1930ರಿಂದ 1962ರಲ್ಲಿ ನಿವೃತ್ತರಾಗುವವರೆಗೆ ನಾಸಿಕ್ ಬಳಿಯ ದೇವಳಾಲಿ ಎಂಬ ದಂಡುಪ್ರದೇಶದ ಊರಿನಲ್ಲಿ ಶಾಲಾ ಶಿಕ್ಷಕರಾಗಿದ್ದು, ಅಂಕಿಗಳ ಜೊತೆಗಿನ ಆಟವನ್ನೇ ಬದುಕಿನ ಮುಖ್ಯ ಕೆಲಸವನ್ನಾಗಿ ಮಾಡಿಕೊಂಡರು, ತಮ್ಮ ಕಿರುಹೊತ್ತಗೆಗಳನ್ನು ಹಲವು ಬಾರಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ವಿಶ್ವವಿದ್ಯಾಲಯಗಳ ಗಣಿತಜ್ಞರಲ್ಲಿ ಅನೇಕರು ಈ ಕೆಲಸವನ್ನು ಹಗುರವಾಗಿ ಕಂಡರು; 1975ರ ಮಾರ್ಚ್‌ನಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಕಾಪ್ರೇಕರ್ ಅವರ ಬಗ್ಗೆ ಬರೆದ ಮೇಲೆ ಹೊರಜಗತ್ತು ಅವರ ಹೆಸರನ್ನು ಗುರುತಿಸಿತು. ಹಗುರವಾಗಿ ಕಂಡವರ ಮಾತಿನಲ್ಲಿ ಪೂರ್ತಿ ಹುರುಳಿಲ್ಲವೆಂದಲ್ಲ, ಕಾಪ್ರೇಕರ್ ಕಂಡುಕೊಂಡ ಹಲವು ಸಂಗತಿಗಳು ಹತ್ತರ ಆಧಾರದಲ್ಲಿ ಬರೆಯುವ ರೂಢಿಗೆ ಅಂಟಿಕೊಂಡಿವೆಯೇ ಹೊರತು ಸಂಖ್ಯೆಗಳ ಆಳದ ಸ್ವಭಾವಕ್ಕಲ್ಲ. ಆದರೆ ಆಳದ ಸ್ವಭಾವವನ್ನು ಅರಸುವ ಅಭ್ಯಾಸ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

1949ರಲ್ಲಿ ಮದರಾಸಿನ ಗಣಿತ ಸಮ್ಮೇಳನವೊಂದರಲ್ಲಿ ಕಾಪ್ರೇಕರ್ ತಿಳಿಸಿದ ಸಂಗತಿ ಅವರ ಹೆಸರನ್ನು ಇಂದಿಗೂ ಶಾಲೆಗಳಲ್ಲಿ ಉಳಿಸಿದೆ. ನಾಲ್ಕು ಅಂಕಿಗಳ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಬೇಕು, ನಾಲ್ಕೂ ಅಂಕಿಗಳು ಒಂದೇ ಆಗಿರಬಾರದು ಎಂಬುದೊಂದೇ ನಿಬಂಧನೆ. ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ ಸಿಗುವ ಅತಿ ದೊಡ್ಡ ಸಂಖ್ಯೆಯಿಂದ, ಏರಿಕೆಯ ಕ್ರಮದಲ್ಲಿ ಜೋಡಿಸಿ ಸಿಗುವ ಅತಿ ಚಿಕ್ಕ ಸಂಖ್ಯೆಯನ್ನು ಕಳೆಯಬೇಕು. ಬಂದ ಉತ್ತರದ ಮೇಲೆ ಇದೇ ಕ್ರಿಯೆಯನ್ನು ಮತ್ತೆ ಮತ್ತೆ ನಡೆಸಬೇಕು. ಕರ್ನಾಟಕ ಏಕೀಕರಣದ ವರ್ಷ 1956ನ್ನು ತೆಗೆದುಕೊಂಡರೆ 9651ರಿಂದ 1569 ಕಳೆದು 8082 ಬರುತ್ತದೆ, 8820ರಿಂದ 0288 ಕಳೆದು 8532 ಬರುತ್ತದೆ, 8532ರಿಂದ 2358 ಕಳೆದು 6174 ಬರುತ್ತದೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ವರ್ಷ 1973ನ್ನು ತೆಗೆದುಕೊಂಡರೆ 9731ರಿಂದ 1379 ಕಳೆದು 8352, ಎರಡನೆಯ ಹೆಜ್ಜೆಗೇ 6174. ಅಲ್ಲಿಗೆ ಬಂದ ಮೇಲೆ ಮುಂದೆ ಹೋಗಲು ದಾರಿಯಿಲ್ಲ, 7641ರಿಂದ 1467 ಕಳೆದರೆ ಮತ್ತೆ 6174 ಸಿಗುತ್ತದೆ. ನಿಬಂಧನೆಗೆ ಒಳಪಟ್ಟ ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ಇದೇ ಜಾಗಕ್ಕೆ ಬಂದು ನಿಲ್ಲಬೇಕಾಗುತ್ತದೆ ಎಂಬುದು ಕಾಪ್ರೇಕರ್ ಕಂಡುಕೊಂಡದ್ದು.

ತರಗತಿಯಲ್ಲಿ ಈ ಚಟುವಟಿಕೆಯನ್ನು ನಡೆಸುವಾಗ ಶಿಕ್ಷಕರು ಮಾಡಬಹುದಾದ ಅತಿ ದೊಡ್ಡ ತಪ್ಪೆಂದರೆ 6174 ಎಂಬ ಅಂಕಿಯನ್ನು ಮೊದಲೇ ಕಪ್ಪುಹಲಗೆಯ ಮೇಲೆ ಬರೆದುಬಿಡುವುದು. ಕ್ರಿಯೆಯನ್ನಷ್ಟೇ ಹೇಳಿ, ಪ್ರತಿಯೊಬ್ಬರೂ ತಾವು ಹುಟ್ಟಿದ ವರ್ಷದಿಂದ ಹೊರಡಲಿ ಎಂದರೆ ಸಾಕು. 2013ರಲ್ಲಿ ಹುಟ್ಟಿದವರು 3087, 8352 ಎಂದು ಮೂರನೆಯ ಹೆಜ್ಜೆಗೆ ಮುಟ್ಟಿ ಸುಮ್ಮನಾಗುತ್ತಾರೆ; ಒಂದೇ ವರ್ಷ ಕಿರಿಯರಾದ 2014ರವರು 4086, 8172, 7443, 3996, 6264, 4176 ಎಂದು ಕಳೆಯುತ್ತಲೇ ಹೋಗಿ ಏಳನೆಯ ಹೆಜ್ಜೆಗೆ ಅಲ್ಲಿಗೆ ಬರುತ್ತಾರೆ. ದಾರಿಯಲ್ಲಿ ಒಂದು ದಶಕ ತಪ್ಪಾಗಿ ತೆಗೆದುಕೊಂಡವರೂ ಹೊಸ ಸಂಖ್ಯೆಯೊಂದರಿಂದ ಹೊರಟಂತಾಗಿ ಕೊನೆಗೆ ಬಹುಪಾಲು ಅಲ್ಲಿಗೇ ಬಂದು ಸೇರುವುದು ಈ ಆಟದ ಒಂದು ಔದಾರ್ಯ, ತಪ್ಪಿಗೆ ಅಂಜುವ ಮಕ್ಕಳಿಗೆ ಇದು ಹೇಳಿ ಮಾಡಿಸಿದಂತಿದೆ. ಸೊನ್ನೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: 2111ರಿಂದ 1112 ಕಳೆದಾಗ ಬರುವ 999ನ್ನು 0999 ಎಂದು ನಾಲ್ಕು ಸ್ಥಾನಗಳಲ್ಲಿ ಬರೆದುಕೊಳ್ಳದಿದ್ದರೆ ಮುಂದಿನ ಹೆಜ್ಜೆಗೆ ಎಲ್ಲವೂ ಸೊನ್ನೆಯಾಗಿಬಿಡುತ್ತದೆ, ಬರೆದುಕೊಂಡರೆ 8991, 8082, 8532 ಎಂದು ದಾರಿ ಸಾಗುತ್ತದೆ. ಮುಂದಿರುವ ಸೊನ್ನೆಗೆ ಬೆಲೆಯಿಲ್ಲ ಎಂದು ಒಂದನೆಯ ತರಗತಿಯಿಂದ ಕೇಳಿಕೊಂಡು ಬಂದವರಿಗೆ, ಬೆಲೆಯಿಲ್ಲದ ಸೊನ್ನೆಗೂ ಸ್ಥಾನವಿದೆ ಎಂಬುದು ಇಲ್ಲಿ ಮೊದಲ ಬಾರಿಗೆ ತಟ್ಟುತ್ತದೆ.

ಅಚ್ಚರಿ ಇಲ್ಲಿಗೆ ಮುಗಿದರೆ ಇದು ಜಾದೂ ಪ್ರದರ್ಶನವಾಗುತ್ತದೆ, ಗಣಿತವಾಗುವುದಿಲ್ಲ. ದುರದೃಷ್ಟವಶಾತ್ ಗಣಿತ ಮೇಳಗಳಲ್ಲಿ 6174 ಹೆಚ್ಚಾಗಿ ಕಾಣಿಸಿಕೊಳ್ಳುವುದು ಜಾದೂವಿನ ವೇಷದಲ್ಲಿಯೇ. ಅದಕ್ಕೆ ಕಾರಣವನ್ನು ಅರಸುವವರು ನಾಲ್ಕು ಅಂಕಿಗಳಿಂದ ಆರಂಭಿಸದೆ ಚಿಕ್ಕದಕ್ಕೆ ಇಳಿಯುವುದು ಒಳ್ಳೆಯದು, ಎಲ್ಲ ಸಮಸ್ಯಾ ಪರಿಹಾರದ ಹಳೆಯ ಯುಕ್ತಿ ಅದು. ಎರಡು ಅಂಕಿಗಳ ಸಂಖ್ಯೆಯಲ್ಲಿ ಈ ಕ್ರಿಯೆ ಎಲ್ಲಿಯೂ ನಿಲ್ಲುವುದಿಲ್ಲ, 09ರಿಂದ 81, 81ರಿಂದ 63, 63ರಿಂದ 27, 27ರಿಂದ 45, 45ರಿಂದ ಮತ್ತೆ 09 ಎಂದು ಗಾಣದೆತ್ತಿನಂತೆ ಸುತ್ತುತ್ತದೆ. ಮೂರು ಅಂಕಿಗಳಲ್ಲಿ ನಿಲುಗಡೆಯಿದೆ, ಅದು 495. ಇದಕ್ಕೆ ಕಾರಣವನ್ನು ಏಳನೆಯ ತರಗತಿಯವರೂ ಪೂರ್ತಿಯಾಗಿ ಕಂಡುಕೊಳ್ಳಬಲ್ಲರು. ಅಂಕಿಗಳು ದೊಡ್ಡದರಿಂದ ಚಿಕ್ಕದಕ್ಕೆ ಕ, ಖ, ಗ ಆಗಿರಲಿ. ದೊಡ್ಡ ಜೋಡಣೆಯ ಬೆಲೆ 100ಕ + 10ಖ + ಗ, ಚಿಕ್ಕದರ ಬೆಲೆ 100ಗ + 10ಖ + ಕ. ಕಳೆದಾಗ ನಡುವಿನ ಖ ಮಾಯವಾಗಿ 99ಕ − 99ಗ, ಎಂದರೆ ಮೊದಲ ಮತ್ತು ಕೊನೆಯ ಅಂಕಿಗಳ ವ್ಯತ್ಯಾಸದ 99 ಪಟ್ಟು, ಉಳಿಯುತ್ತದೆ. ಆ ವ್ಯತ್ಯಾಸ 1ರಿಂದ 9ರವರೆಗೆ ಮಾತ್ರ ಇರಲು ಸಾಧ್ಯವಾದ್ದರಿಂದ ನೂರಾರು ಮೂರಂಕಿಯ ಸಂಖ್ಯೆಗಳು ಮೊದಲ ಹೆಜ್ಜೆಗೇ 099, 198, 297 ಎಂದು ಮೊದಲಾಗಿ 891ರವರೆಗಿನ ಒಂಬತ್ತೇ ಮನೆಗಳಲ್ಲಿ ತುಂಬಿಕೊಳ್ಳುತ್ತವೆ. ಅಲ್ಲಿಂದ 099, 891, 792, 693, 594, 495 ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುವುದಷ್ಟೇ ಬಾಕಿ.

ನಾಲ್ಕು ಅಂಕಿಗಳಿಗೆ ಇದೇ ಕಣ್ಣು ಸಾಕು. ಅಂಕಿಗಳು ಇಳಿಕೆಯ ಕ್ರಮದಲ್ಲಿ ಕ, ಖ, ಗ, ಘ ಆಗಿದ್ದರೆ ಕಳೆದ ಮೇಲೆ ಉಳಿಯುವುದು ಹೊರಗಿನ ಎರಡರ ವ್ಯತ್ಯಾಸದ, ಎಂದರೆ ಕ − ಘ ಎಂಬುದರ, 999 ಪಟ್ಟು ಮತ್ತು ಒಳಗಿನ ಎರಡರ ವ್ಯತ್ಯಾಸದ, ಎಂದರೆ ಖ − ಗ ಎಂಬುದರ, 90 ಪಟ್ಟು ಇವುಗಳ ಮೊತ್ತ. ಸಂಖ್ಯೆ ಯಾವುದೇ ಆಗಿರಲಿ, ಅದರ ಮುಂದಿನ ಗತಿಯನ್ನು ನಿರ್ಧರಿಸುವುದು ಈ ಎರಡು ವ್ಯತ್ಯಾಸಗಳು ಮಾತ್ರ. ಹೊರಗಿನ ವ್ಯತ್ಯಾಸ 1ರಿಂದ 9ರವರೆಗೆ ಇರಬಹುದು, ಒಳಗಿನದು ಸೊನ್ನೆಯಿಂದ ಹಿಡಿದು ಹೊರಗಿನದಕ್ಕೆ ಸಮನಾಗುವವರೆಗೆ ಇರಬಹುದು. ಎಣಿಸಿ ನೋಡಿದರೆ ಇಂಥ ಜೋಡಿಗಳು 54. ಒಂದು ಸಾವಿರದಿಂದ 9999ರವರೆಗೆ ನಿಬಂಧನೆಗೆ ಒಳಪಡುವ 8991 ಸಂಖ್ಯೆಗಳೂ ಒಂದೇ ಹೆಜ್ಜೆಯಲ್ಲಿ ಈ 54 ಉತ್ತರಗಳೊಳಗೆ ಸೇರಿಹೋಗುತ್ತವೆ. ಅವುಗಳಲ್ಲಿಯೂ 4176, 6174 ಇಂಥವು ಅದೇ ಅಂಕಿಗಳ ಬೇರೆ ಜೋಡಣೆಗಳಾಗಿರುವುದರಿಂದ, ಮುಂದಿನ ಹೆಜ್ಜೆಗೆ ಅಂಕಿಗಳನ್ನು ಹೇಗೂ ಮರುಜೋಡಿಸಬೇಕಾದ ಕಾರಣ, ಎಲ್ಲವನ್ನೂ ಒಂದು ಗುಂಪೆಂದು ಎಣಿಸಬಹುದು. ಆಗ ಉಳಿಯುವುದು 30 ಗುಂಪುಗಳು. ಕೊನೆಯ ನಿಲುಗಡೆಯ ವಿಚಾರವೂ ಇದೇ ಸೂತ್ರದಲ್ಲಿ ಬಯಲಾಗುತ್ತದೆ: 7641ರಲ್ಲಿ ಹೊರಗಿನ ವ್ಯತ್ಯಾಸ 6, ಒಳಗಿನದು 2, 999ರ ಆರು ಪಟ್ಟು 5994, 90ರ ಎರಡು ಪಟ್ಟು 180, ಕೂಡಿದರೆ 6174.

ಮೂವತ್ತು ಎಂಬುದು ಒಂದು ತರಗತಿಗೆ ಹೇಳಿ ಮಾಡಿಸಿದ ಸಂಖ್ಯೆ. ತಲೆಗೊಂದು ರಟ್ಟಿನ ಚೀಟಿ ಕೊಟ್ಟು, ಒಂದೊಂದರ ಮೇಲೂ ಒಂದೊಂದು ಗುಂಪಿನ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆಸಿ, ಪ್ರತಿಯೊಬ್ಬರೂ ಒಂದೇ ಒಂದು ವ್ಯವಕಲನ ಮಾಡಿ ತಮ್ಮ ಉತ್ತರದ ಚೀಟಿ ಹಿಡಿದವರ ಹೆಗಲ ಮೇಲೆ ಕೈಯಿಡಲಿ ಎಂದರೆ, ಅಂಗಳದಲ್ಲಿ ಒಂದು ಮರ ತಾನಾಗಿ ಮೂಡುತ್ತದೆ. ಟೊಂಗೆಗಳೆಲ್ಲ ಕೂಡುತ್ತ ಕೂಡುತ್ತ ಬುಡದಲ್ಲಿ 7641ನ್ನು ಹಿಡಿದ ಮಗುವಿನ ಬಳಿಗೆ ಬಂದು ಸೇರುತ್ತವೆ, ಆ ಮಗುವಿಗೆ ಮಾತ್ರ ತನ್ನ ಹೆಗಲನ್ನೇ ಮುಟ್ಟಿಕೊಳ್ಳದೆ ಗತ್ಯಂತರವಿಲ್ಲ. 8640, 8721, 7443, 9963, 6642, 7641 ಎಂದು ಸಾಗುವ ಸಾಲು ಆ ಮರದ ಉದ್ದನೆಯ ಟೊಂಗೆಗಳಲ್ಲೊಂದು, 2014ರವರು ನಡೆದು ಬಂದದ್ದು ಅದರ ಮೇಲೆಯೇ. ಇಲ್ಲಿ ನಡೆದದ್ದು ಬರೀ ಆಟವಲ್ಲ ಎಂಬುದನ್ನು ಶಿಕ್ಷಕರು ಬಿಡಿಸಿ ಹೇಳಬೇಕು. ಇರುವ ಸಾಧ್ಯತೆಗಳನ್ನೆಲ್ಲ ಪ್ರಕರಣಗಳಾಗಿ ವಿಂಗಡಿಸಿ, ಒಂದನ್ನೂ ಬಿಡದೆ ಪರೀಕ್ಷಿಸಿ ತೋರಿಸುವುದು ಗಣಿತದಲ್ಲಿ ಒಪ್ಪಿತವಾದ ಸಾಧನೆಯ ಒಂದು ಬಗೆ. ಸಾಧನೆಯೆಂದರೆ ಒಂದು ಹೇಳಿಕೆ ಎಂದೆಂದಿಗೂ ಎಲ್ಲೆಲ್ಲಿಯೂ ನಿಜವೆಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವುದು. ಹತ್ತು ಹುಟ್ಟಿದ ವರ್ಷಗಳು 6174ಕ್ಕೆ ಬಂದವೆಂಬುದು ಊಹೆಗೆ ಆಧಾರ, ಮೂವತ್ತು ಚೀಟಿಗಳೂ ಅಲ್ಲಿಗೆ ಬಂದವೆಂಬುದು ಸಾಧನೆ. ಈ ಎರಡರ ನಡುವಿನ ವ್ಯತ್ಯಾಸವನ್ನು ರೇಖಾಗಣಿತದ ಪ್ರಮೇಯಗಳಿಂದ ಕಲಿಯಬೇಕೆಂದು ಪಠ್ಯಕ್ರಮ ಬಯಸುತ್ತದೆ, ಆದರೆ ಅಲ್ಲಿ ಸಾಧಿಸಬೇಕಾದದ್ದು ನಿಜವೆಂದು ಮಗುವಿಗೆ ಮೊದಲೇ ಗೊತ್ತಿರುವುದರಿಂದ ಸಾಧನೆ ಒಂದು ಶಾಸ್ತ್ರದ ವಿಧಿಯಾಗಿ ಉಳಿದುಬಿಡುತ್ತದೆ.

ಊಹೆ ಎಲ್ಲಿ ಸೋಲುತ್ತದೆ ಎಂಬುದನ್ನು ನೋಡುವುದಕ್ಕೂ ಇದೇ ಆಟದಲ್ಲಿ ಜಾಗವಿದೆ. ಮೂರಕ್ಕೊಂದು, ನಾಲ್ಕಕ್ಕೊಂದು ನಿಲುಗಡೆ ಸಿಕ್ಕಿದ ಮೇಲೆ ಐದು ಅಂಕಿಗಳಿಗೂ ಒಂದು ಇರಲೇಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲ. ಅಲ್ಲಿ ಮೂರು ಸುತ್ತುದಾರಿಗಳಿವೆ: 53955 ಮತ್ತು 59994 ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ, 61974, 82962, 75933, 63954 ಎಂಬ ನಾಲ್ಕು ಒಂದು ವೃತ್ತವಾಗಿ, 62964, 71973, 83952, 74943 ಎಂಬ ನಾಲ್ಕು ಇನ್ನೊಂದು ವೃತ್ತವಾಗಿ ತಿರುಗುತ್ತವೆ. ಗಮನಿಸಿದವರಿಗೆ ಈ ಸಂಖ್ಯೆಗಳೆಲ್ಲ 9ರಿಂದ ನಿಶ್ಶೇಷವಾಗಿ ಭಾಗವಾಗುವುದು ಕಾಣುತ್ತದೆ. ಒಂದು ಸಂಖ್ಯೆಯ ಅಂಕಿಗಳನ್ನು ಹೇಗೆ ಕಲಕಿದರೂ 9ರಿಂದ ಭಾಗಿಸಿದಾಗ ಉಳಿಯುವ ಶೇಷ ಬದಲಾಗದಾದ್ದರಿಂದ, ಒಂದೇ ಶೇಷವಿರುವ ಎರಡನ್ನು ಕಳೆದಾಗ ಶೇಷವೇ ಇಲ್ಲವಾಗುತ್ತದೆ ಎಂಬ ವಿವರಣೆಯನ್ನು ಮಕ್ಕಳೇ ತಲುಪುವುದುಂಟು, ತುಸು ಕಾಯಬೇಕು ಅಷ್ಟೆ.

ಕಾಯುವುದು ಎಂಬ ಈ ಕೆಲಸವೇ ಶಿಕ್ಷಕರಿಗೆ ಅತಿ ಕಷ್ಟದ್ದು. 45 ನಿಮಿಷದ ಅವಧಿ, ಮುಗಿಸಬೇಕಾದ ಪಾಠ, ಉತ್ತರಕ್ಕಾಗಿ ತನ್ನ ಮುಖವನ್ನೇ ನೋಡುತ್ತಿರುವ ಮಕ್ಕಳು, ಇವುಗಳ ನಡುವೆ ಗೊತ್ತಿರುವ ಉತ್ತರವನ್ನು ಹೇಳದೆ ಇರುವುದಕ್ಕೆ ಒಂದು ಬಗೆಯ ತಪಸ್ಸು ಬೇಕು. ಬುಡಾಪೆಸ್ಟ್‌ನಲ್ಲಿ 1887ರಲ್ಲಿ ಹುಟ್ಟಿ ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟಿಸಿದ ‘ಹೌ ಟು ಸಾಲ್ವ್ ಇಟ್’ ಎಂಬ ಪುಟ್ಟ ಪುಸ್ತಕ ಈ ಸಂಯಮಕ್ಕೆ ಒಂದು ವಿಧಾನವನ್ನು ಒದಗಿಸಿತು. ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ಯೋಜನೆ ಹಾಕುವುದು, ಅದನ್ನು ನಡೆಸುವುದು, ಮುಗಿದ ಮೇಲೆ ಹಿಂತಿರುಗಿ ನೋಡುವುದು ಎಂಬ ನಾಲ್ಕು ಹಂತಗಳನ್ನು ಅವರು ಗುರುತಿಸಿ, ಒಂದೊಂದು ಹಂತದಲ್ಲಿಯೂ ಶಿಕ್ಷಕ ಉತ್ತರದ ಬದಲು ಯಾವ ಪ್ರಶ್ನೆಯನ್ನು ಕೇಳಬೇಕೆಂದು ತೋರಿಸಿದರು. ಕೊನೆಯ ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕಪ್ಪುಹಲಗೆ ಒರೆಸುವ ಬಟ್ಟೆ ಅದಕ್ಕಿಂತ ಮೊದಲೇ ಕೈಗೆ ಬಂದಿರುತ್ತದೆ.

ಪೋಲ್ಯ ಬೆಳೆದ ಹಂಗೇರಿಯಲ್ಲಿ ಇಂಥ ಸಮಸ್ಯೆಗಳಿಗೆ ಒಂದು ಸಂಪ್ರದಾಯವೇ ಇತ್ತು. 1894ರಲ್ಲಿ ದಾನಿಯೆಲ್ ಅರಾನಿ ಎಂಬ ಶಾಲಾ ಶಿಕ್ಷಕರು ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಗಣಿತ ಪತ್ರಿಕೆಯೊಂದನ್ನು ಆರಂಭಿಸಿದರು, ಅದೇ ವರ್ಷ ಭೌತವಿಜ್ಞಾನಿ ಲೋರಾಂಡ್ ಅತ್ವೋಶ್ ಅವರ ಗೌರವಾರ್ಥ ಶಾಲೆ ಮುಗಿಸಿದವರಿಗೆ ಗಣಿತ ಸ್ಪರ್ಧೆಯೂ ಆರಂಭವಾಯಿತು. ಮುಂದೆ ವಾಯುಯಾನ ವಿಜ್ಞಾನದ ದಿಗ್ಗಜನಾದ ಥಿಯೋಡರ್ ಫಾನ್ ಕಾರ್ಮಾನ್ ಆ ಸ್ಪರ್ಧೆಯಲ್ಲಿ ಗೆದ್ದವರಲ್ಲೊಬ್ಬ. ಮೊದಲ ವರ್ಷದ ಮೊದಲ ಸಮಸ್ಯೆ ಇಂದಿಗೂ ಹೊಳಪು ಕಳೆದುಕೊಂಡಿಲ್ಲ: x ಮತ್ತು y ಪೂರ್ಣಾಂಕಗಳಾಗಿದ್ದು, 2x + 3y ಎಂಬುದು 17ರಿಂದ ಭಾಗವಾದಾಗಲೆಲ್ಲ 9x + 5y ಕೂಡ ಭಾಗವಾಗುತ್ತದೆ, ಎರಡನೆಯದು ಭಾಗವಾದಾಗಲೆಲ್ಲ ಮೊದಲನೆಯದೂ ಭಾಗವಾಗುತ್ತದೆ ಎಂದು ಸಾಧಿಸಬೇಕು. x ಎಂಬುದು 1, y ಎಂಬುದು 5 ಆದರೆ 17 ಮತ್ತು 34. 4 ಮತ್ತು 3 ಆದರೆ 17 ಮತ್ತು 51. 7 ಮತ್ತು 1 ಆದರೆ 17 ಮತ್ತು 68. ಹೇಳಿಕೆ ನಿಜವೆಂದು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಮೊದಲನೆಯದನ್ನು ನಾಲ್ಕರಿಂದ ಗುಣಿಸಿ ಎರಡನೆಯದಕ್ಕೆ ಕೂಡಿದರೆ 17x + 17y ಬರುತ್ತದೆ ಎಂಬುದು ಹೊಳೆದ ಕ್ಷಣಕ್ಕೆ ಸಮಸ್ಯೆ ಮುಗಿಯಿತು: ಮೊತ್ತ ಯಾವಾಗಲೂ 17ರಿಂದ ಭಾಗವಾಗುವುದರಿಂದ, ಕೂಡಿದ ಎರಡರಲ್ಲಿ ಒಂದು ಭಾಗವಾದರೆ ಇನ್ನೊಂದು ಭಾಗವಾಗಲೇಬೇಕು, ನಾಲ್ಕಕ್ಕೂ ಹದಿನೇಳಕ್ಕೂ ಸಾಮಾನ್ಯ ಅಪವರ್ತನವಿಲ್ಲದ ಕಾರಣ ಗುಣಿಸಿದ ನಾಲ್ಕು ಅಡ್ಡಬರುವುದಿಲ್ಲ. ಇದರಲ್ಲಿ ಒಂಬತ್ತನೆಯ ತರಗತಿಗೆ ಮೀರಿದ್ದು ಏನೂ ಇಲ್ಲ, ಆದರೂ ಒಂಬತ್ತನೆಯ ತರಗತಿಯ ಯಾವ ಅಭ್ಯಾಸವೂ ಇದನ್ನು ಕಲಿಸುವುದಿಲ್ಲ.

ಹಂಗೇರಿಯ ಈ ಬೀಜ 1930ರ ದಶಕದಲ್ಲಿ ಲೆನಿನ್‌ಗ್ರಾಡ್ ಮತ್ತು ಮಾಸ್ಕೋಗಳ ಒಲಿಂಪಿಯಾಡ್‌ಗಳಾಗಿ, 1959ರಲ್ಲಿ ರುಮೇನಿಯದಲ್ಲಿ ಏಳು ದೇಶಗಳು ಸೇರಿದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಆಗಿ ಬೆಳೆಯಿತು. ಭಾರತ ಅದರಲ್ಲಿ ಮೊದಲು ಭಾಗವಹಿಸಿದ್ದು 1989ರಲ್ಲಿ, 1996ರಲ್ಲಿ ಅದು ಮುಂಬೈಯಲ್ಲಿಯೇ ನಡೆಯಿತು. ದೇಶದ ಸ್ಪರ್ಧಿಗಳನ್ನು ತಿದ್ದಿ ತೀಡಿದವರಲ್ಲಿ ಬೆಂಗಳೂರಿನ ಸಿ. ಆರ್. ಪ್ರಾಣೇಶಾಚಾರ್ ಮತ್ತು ಬಿ. ಜೆ. ವೆಂಕಟಾಚಲ ಅವರ ಪಾತ್ರ ದೊಡ್ಡದು. ಆದರೆ ಪದಕದ ದಾರಿ ಕೆಲವರದು, ಗಡಿಯಾರದ ಕೆಳಗೆ ಕುಳಿತು ಬಿಡಿಸುವುದು ಎಲ್ಲರ ಸ್ವಭಾವಕ್ಕೂ ಒಗ್ಗುವುದಲ್ಲ. ರಷ್ಯಾದಲ್ಲಿಯೂ ಸ್ಪರ್ಧೆಗಳಿಗೆ ಆಸರೆಯಾಗಿ ನಿಂತಿದ್ದು ಸಂಜೆಯ ಹೊತ್ತು ವಿದ್ಯಾರ್ಥಿಗಳು ಸೇರುತ್ತಿದ್ದ ಗಣಿತ ಕೂಟಗಳು ಎಂಬುದನ್ನು ಒಲಿಂಪಿಯಾಡ್ ತರಬೇತಿಯ ಜಾಹೀರಾತುಗಳು ಹೇಳುವುದಿಲ್ಲ.

ಅಂಥ ಕೂಟವೊಂದಕ್ಕೆ ಒಂದು ಸಂಜೆಗೆ ಸಾಲುವ ಸರಕು ಕಾಪ್ರೇಕರ್ ಅವರ ಇನ್ನೊಂದು ಹುಡುಕಾಟದಲ್ಲಿದೆ. ಒಂದು ಸಂಖ್ಯೆಗೆ ಅದರದೇ ಅಂಕಿಗಳನ್ನು ಕೂಡಿದರೆ ಹೊಸ ಸಂಖ್ಯೆ ಹುಟ್ಟುತ್ತದೆ. 15ಕ್ಕೆ ಒಂದನ್ನೂ ಐದನ್ನೂ ಕೂಡಿದಾಗ 21 ಹುಟ್ಟುವಂತೆ. ಹೀಗೆ ಯಾವ ಸಂಖ್ಯೆಯಿಂದಲೂ ಹುಟ್ಟದ, ಸ್ವಯಂಭೂ ಎನ್ನಬಹುದಾದ ಸಂಖ್ಯೆಗಳಿವೆ. ಗೋಡೆಯ ಮೇಲಿನ ಕ್ಯಾಲೆಂಡರಿನ 31 ತಾರೀಖುಗಳಲ್ಲಿ ಅಂಥವು 1, 3, 5, 7, 9, 20 ಮತ್ತು 31. ಇಪ್ಪತ್ತು ಏಕೆ ಸ್ವಯಂಭೂ ಎಂಬುದಕ್ಕೆ ಪಟ್ಟಿಯನ್ನೇ ಮಾಡಬೇಕಾಗಿಲ್ಲ: ಒಂದಂಕಿಯವು 18ನ್ನು ಮೀರಲಾರವು, 10ರಿಂದ 19ರವರೆಗಿನವು ಬೆಸ ಸಂಖ್ಯೆಗಳನ್ನೇ ಹಡೆಯುತ್ತವೆ, 20 ಮತ್ತು ಅದರ ಮುಂದಿನವುಗಳಿಂದ ಹುಟ್ಟುವುದು 22ಕ್ಕಿಂತ ಕಡಿಮೆಯಾಗಲಾರದು. ಇತ್ತ 101ಕ್ಕೆ ಇಬ್ಬರು ಹೆತ್ತವರು, 91 ಮತ್ತು 100. ಇಬ್ಬರನ್ನು ಹೊಂದಿದ ಅತಿ ಚಿಕ್ಕ ಸಂಖ್ಯೆ ಅದೇ.

ಹಾರಗಳ ವಿಷಯಕ್ಕೆ ಬಂದರೆ, 1, 121, 12321 ಎಂದು ಸಾಗುವ ಸಂಖ್ಯೆಗಳು ಕಾಪ್ರೇಕರ್ ‘ಡೆಮ್ಲೊ ಸಂಖ್ಯೆಗಳು’ ಎಂದು ಕರೆದ ಕುಟುಂಬಕ್ಕೆ ಸೇರಿದವು. ಆ ಹೆಸರು ಬಂದದ್ದು ಮುಂಬೈ ಸಮೀಪದ, ಇಂದು ಡೊಂಬಿವಲಿ ಎನಿಸಿಕೊಳ್ಳುವ ರೈಲು ನಿಲ್ದಾಣದಿಂದ. ಈ ಸಂಖ್ಯೆಗಳ ವಿಚಾರ ಅವರಿಗೆ ಹೊಳೆದದ್ದು ಅಲ್ಲಿ. ಮಹಾವೀರ ಆರು ಒಂದುಗಳ ವರ್ಗದಲ್ಲಿ ನಿಲ್ಲಿಸಿದ್ದನ್ನು ಇಲ್ಲಿ ಮುಂದುವರಿಸಬಹುದು. ಒಂದುಗಳ ಸಾಲನ್ನು ತನ್ನಿಂದಲೇ ಗುಣಿಸುವುದೆಂದರೆ ಅದೇ ಸಾಲನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಒಂದರ ಕೆಳಗೊಂದು ಬರೆದು ಕೂಡುವುದಷ್ಟೇ ಆದ್ದರಿಂದ, ಪ್ರತಿ ಕಂಬಸಾಲಿನಲ್ಲಿ ಎಷ್ಟು ಒಂದುಗಳಿವೆಯೋ ಅಷ್ಟೇ ಉತ್ತರದ ಅಂಕಿ. ಒಂಬತ್ತು ಒಂದುಗಳವರೆಗೆ ಇದಕ್ಕೆ ಭಂಗವಿಲ್ಲ, ಅಲ್ಲಿ ಸಿಗುವ ಹಾರ 12345678987654321. ಹತ್ತು ಒಂದುಗಳನ್ನು ತೆಗೆದುಕೊಂಡಾಗ ನಡುವಿನ ಸಾಲಿನಲ್ಲಿ ಹತ್ತು ಒಂದುಗಳು ಸೇರಿ ಸೊನ್ನೆ ಬರೆದು ದಶಕವನ್ನು ಎಡಕ್ಕೆ ಒಯ್ಯಬೇಕಾಗುತ್ತದೆ. ಅಲ್ಲಿದ್ದ ಒಂಬತ್ತೂ ಹತ್ತಾಗಿ ಮತ್ತೊಂದು ಸೊನ್ನೆಯನ್ನು ಬಿಟ್ಟು ತನ್ನ ಎಡಕ್ಕೆ ದಶಕವನ್ನು ದಾಟಿಸುತ್ತದೆ, ಆ ಸ್ಥಾನದ ಎಂಟು ಒಂಬತ್ತಾಗುತ್ತದೆ. ಉತ್ತರ 1234567900987654321, ಬಲಬದಿ ಕ್ರಮವಾಗಿಯೇ ಇದೆ, ಎಡಬದಿಯಲ್ಲಿ ಮಾತ್ರ 8 ಕಾಣೆಯಾಗಿದೆ. ಒಂಬತ್ತು ಒಂದುಗಳನ್ನು, ಎಂದರೆ 111111111ನ್ನು, 9ರಿಂದ ಭಾಗಿಸಿದರೆ ಸಿಗುವ 12345679 ಎಂಬ ಭಾಗಲಬ್ಧದಲ್ಲಿಯೂ ಎಂಟು ಇಲ್ಲ, ಅದನ್ನು ಕೊಂಡೊಯ್ದದ್ದೂ ಇದೇ ದಶಕವೇ ಎಂದು ತೋರಿಸುವ ಕೆಲಸ ಕೂಟದ ಮುಂದಿನ ಸಂಜೆಗೆ ಉಳಿಯುತ್ತದೆ.